ಎರಡು ಲಸಿಕೆ, ಒಂದಕ್ಕೆ ಮಾತ್ರ ಹಣ: ಒಂದು ದೇಶ ತೀರ್ಮಾನಕ್ಕೆ ಬಂದ ಬಗೆ

ಒಂದು ದೇಶದ ಲಸಿಕಾ ಸಲಹಾ ಸಮಿತಿಯ ಕಚೇರಿಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಸಮಿತಿಗೆ ಬೇಕಾದ ಮಾಹಿತಿ ಹೊಂದಿಸುವುದು, ಸಭೆಯ ನಡಾವಳಿ ಬರೆಯುವುದು ನನ್ನ ಪಾಲಿನ ಕೆಲಸ. ಅಲ್ಲಿ ಹತ್ತಿರದಿಂದ ಕಂಡ ಒಂದು ತೀರ್ಮಾನದ ವಿವರ ಇದು. ದೇಶ ಯಾವುದು, ಯಾರು ಏನು ಹೇಳಿದರು ಎಂಬ ಗುರುತು ಸಿಗಬಾರದು. ಹಾಗಾಗಿ ಆ ದೇಶದ ಅಂಕಿ ಅಂಶಗಳನ್ನು ಬಿಟ್ಟಿದ್ದೇನೆ. ಇಲ್ಲಿ ಬರುವ ರೋಗದ, ಲಸಿಕೆಯ ಸಂಖ್ಯೆಗಳೆಲ್ಲ ಈಗಾಗಲೇ ಪ್ರಕಟವಾಗಿರುವಂಥವು.

ಹಿನ್ನೆಲೆ

ಹೊಸ ಲಸಿಕೆ ಬಂದರೆ ಸರ್ಕಾರಗಳು ತಂದು ಹಾಕಿಸಿಬಿಡುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಷ್ಟು ಸುಲಭ ಇಲ್ಲ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಲಸಿಕಾ ಕಾರ್ಯಕ್ರಮ ಶುರು ಮಾಡಿದಾಗ ಪಟ್ಟಿಯಲ್ಲಿ ಇದ್ದದ್ದು ಆರೇ ಕಾಯಿಲೆ: ಕ್ಷಯ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ. ಆ ಲಸಿಕೆಗಳು ಅಗ್ಗವಾಗಿದ್ದವು. ಆರನ್ನೂ ಕೊಡಬೇಕು ಎನ್ನುವುದರಲ್ಲಿ ಹೆಚ್ಚು ವಾದ ಇರಲಿಲ್ಲ. ಆಮೇಲೆ ಬಂದ ಲಸಿಕೆಗಳ ಬೆಲೆಯೇ ಬೇರೆ. ಈಗ ಪ್ರತಿ ದೇಶವೂ ಆರಿಸಿಕೊಳ್ಳಬೇಕು.

ಜಾಗತಿಕ ಮಟ್ಟದಲ್ಲಿ ಸಲಹೆ ಕೊಡಲು 1999ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಪರಿಣತರ ಗುಂಪೊಂದಿದೆ. ಲಸಿಕೆಯ ಗುಣಮಟ್ಟವನ್ನೂ ಆ ಸಂಸ್ಥೆ ಪರಿಶೀಲಿಸಿ ಒಪ್ಪಿಗೆ ಕೊಡುತ್ತದೆ. ಆದರೆ 'ನಮ್ಮ ದೇಶದಲ್ಲಿ, ನಮ್ಮ ದುಡ್ಡಿನಲ್ಲಿ, ಈಗಲೇ ಬೇಕಾ?' ಎಂಬ ಪ್ರಶ್ನೆಗೆ ಆಯಾ ದೇಶವೇ ಉತ್ತರ ಹುಡುಕಬೇಕು. ಅದಕ್ಕೆ ಪ್ರತಿ ದೇಶದಲ್ಲೂ ಒಂದು ಸ್ವತಂತ್ರ ಸಲಹಾ ಸಮಿತಿ ಇರಬೇಕು ಎನ್ನುವುದು ಈಗಿನ ಪದ್ಧತಿ. ಅಮೆರಿಕದಲ್ಲಿ ಇಂಥ ಸಮಿತಿ 1964ರಿಂದಲೇ ಇದೆ. ನಾನಿದ್ದ ದೇಶದ ಸಮಿತಿ ತೀರಾ ಹೊಸದು. ಮಕ್ಕಳ ವೈದ್ಯರು, ಸ್ತ್ರೀರೋಗ ತಜ್ಞೆ, ಸಾಂಕ್ರಾಮಿಕ ರೋಗ ತಜ್ಞರು, ಒಬ್ಬ ಅರ್ಥಶಾಸ್ತ್ರಜ್ಞ, ಹಳ್ಳಿಗಳಲ್ಲಿ ವರ್ಷಗಟ್ಟಲೆ ಲಸಿಕೆ ಹಾಕಿ ಪಳಗಿದ ಒಬ್ಬ ಹಿರಿಯ ನರ್ಸ್. ಸಚಿವಾಲಯದ ಅಧಿಕಾರಿಗಳು ಕೂರಬಹುದಿತ್ತು, ಮತ ಹಾಕುವ ಹಾಗಿರಲಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಬಡ ದೇಶಗಳಿಗೆ ಲಸಿಕೆ ಕೊಳ್ಳಲು 2000ದಿಂದ ಗಾವಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ನೆರವು ಕೊಡುತ್ತಿದೆ. ದೇಶದ ತಲಾ ಆದಾಯ ಒಂದು ಮಿತಿ ದಾಟಿದರೆ ಆ ನೆರವು ಹಂತ ಹಂತವಾಗಿ ನಿಲ್ಲುತ್ತದೆ. ಈ ದೇಶ ಆ ಮಿತಿಯನ್ನು ಆಗ ತಾನೇ ದಾಟಿತ್ತು. ಆಗಿನ ನಿಯಮದ ಪ್ರಕಾರ ಐದು ವರ್ಷದಲ್ಲಿ ಲಸಿಕೆಯ ಪೂರ್ತಿ ಖರ್ಚು ದೇಶದ ಮೇಲೇ ಬೀಳುವುದಿತ್ತು.

ಎದುರಿಗಿದ್ದ ಪ್ರಶ್ನೆ

ಮೇಜಿನ ಮೇಲೆ ಎರಡು ಫೈಲ್ ಇದ್ದವು. ಒಂದು ರೋಟಾವೈರಸ್ ಭೇದಿಯದು. ಇನ್ನೊಂದು ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯದು. ಹಣ ಒಂದಕ್ಕೆ ಮಾತ್ರ ಇತ್ತು.

ರೋಟಾವೈರಸ್ ಅನ್ನು 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಅವರ ಜೊತೆಯವರು ಕಂಡುಹಿಡಿದರು. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಇದು ಒಮ್ಮೆಯಾದರೂ ತಗಲುತ್ತದೆ. ಶ್ರೀಮಂತರ ಮನೆ, ಬಡವರ ಮನೆ ಎಂಬ ಭೇದ ಇಲ್ಲ. ಸಾಯುವುದು ಮಾತ್ರ ಬಡ ಮಕ್ಕಳೇ ಜಾಸ್ತಿ. 2008ರಲ್ಲಿ ಜಗತ್ತಿನಲ್ಲಿ ಸುಮಾರು 4.5 ಲಕ್ಷ ಮಕ್ಕಳು ಇದರಿಂದ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಮರುವರ್ಷ, ಎಲ್ಲ ದೇಶಗಳೂ ಈ ಲಸಿಕೆ ಕೊಡಬೇಕೆಂದು ಸಲಹೆ ಕೊಟ್ಟಿತು.

ಗರ್ಭಕೊರಳಿನ ಕ್ಯಾನ್ಸರ್‌ನಿಂದ 2018ರ ಒಂದೇ ವರ್ಷದಲ್ಲಿ ಸುಮಾರು 3.1 ಲಕ್ಷ ಹೆಂಗಸರು ತೀರಿಕೊಂಡರು. ಅವರಲ್ಲಿ ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಲಸಿಕೆ ಹಾಕಬೇಕಾದದ್ದು 9ರಿಂದ 14 ವರ್ಷದ ಹುಡುಗಿಯರಿಗೆ. ಫಲ ಕಾಣುವುದು ಮೂವತ್ತು ನಲವತ್ತು ವರ್ಷ ಆದಮೇಲೆ.

ಈ ವರ್ಷ ಸಾಯಬಹುದಾದ ಮಗು ಒಂದು ಕಡೆ. ಮುಂದೆಂದೋ, ಮಕ್ಕಳನ್ನು ಬೆಳೆಸುತ್ತಿರುವ ವಯಸ್ಸಿನಲ್ಲಿ ಸಾಯಬಹುದಾದ ತಾಯಿ ಇನ್ನೊಂದು ಕಡೆ. ಹೇಗೆ ಹೋಲಿಸುತ್ತೀರಿ?

ಮೊದಲ ಪ್ರಯತ್ನ ಮತ್ತು ಅದರ ಸೋಲು

ಮೊದಲ ಎರಡು ಸಭೆ ಬರೀ ವಾದದಲ್ಲಿ ಮುಗಿದವು. ಪ್ರತಿಯೊಬ್ಬರೂ ತಾವು ಕಂಡ ರೋಗಿಗಳನ್ನು ನೆನೆದು ಮಾತಾಡುತ್ತಿದ್ದರು. ಅದು ತಪ್ಪಲ್ಲ, ಆದರೆ ಅದರಿಂದ ತೀರ್ಮಾನ ಹುಟ್ಟುವುದಿಲ್ಲ. ಅರ್ಥಶಾಸ್ತ್ರಜ್ಞರು ಖರ್ಚಿಗೆ ಎಷ್ಟು ಫಲ ಎಂದು ಎರಡೂ ಲಸಿಕೆಗಳನ್ನು ಹೋಲಿಸುವ ಒಂದು ಕೋಷ್ಟಕ ತಂದರು. ಅದರಲ್ಲಿ ರೋಟಾ ಸಲೀಸಾಗಿ ಗೆದ್ದಿತ್ತು. ಸ್ತ್ರೀರೋಗ ತಜ್ಞೆ ಕೋಷ್ಟಕವನ್ನು ಎರಡು ಸಲ ಓದಿ, "ನನ್ನ ರೋಗಿಗಳ ಜೀವ ಇದರಲ್ಲಿ ಯಾಕೆ ಇಷ್ಟು ಅಗ್ಗ?" ಎಂದು ಕೇಳಿದರು.

ಅವರ ಪ್ರಶ್ನೆಗೆ ನೇರ ಉತ್ತರ ಇತ್ತು. ಇಂಥ ಲೆಕ್ಕಗಳಲ್ಲಿ ಮುಂದೆ ಸಿಗುವ ಲಾಭವನ್ನು ಸಾಮಾನ್ಯವಾಗಿ ವರ್ಷಕ್ಕೆ ಶೇ 3ರ ಹಾಗೆ ಕಡಿತ ಮಾಡುತ್ತಾರೆ. ಹಾಗೆ ಮಾಡಿದರೆ 35 ವರ್ಷದ ನಂತರ ಉಳಿಯುವ ಒಂದು ಜೀವ ಇವತ್ತಿನ ಲೆಕ್ಕದಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಲೆಕ್ಕ ತಪ್ಪಿರಲಿಲ್ಲ. ಆದರೆ ಸಮಿತಿ ಮಾಡಬೇಕಾದ ತೀರ್ಮಾನವನ್ನು ಆ ಶೇ 3 ಮೊದಲೇ ಮಾಡಿಬಿಟ್ಟಿತ್ತು, ಯಾರ ಗಮನಕ್ಕೂ ಬಾರದೆ. ಅಂದಿನಿಂದ ಕಡಿತ ಮಾಡಿದ ಲೆಕ್ಕ, ಮಾಡದ ಲೆಕ್ಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ರೂಢಿಯಾಯಿತು.

ಮೂರನೇ ಸಭೆಯಲ್ಲಿ ಅಧ್ಯಕ್ಷರು ಎಲ್ಲ ಫೈಲ್ ಮುಚ್ಚಿಸಿದರು. ಪುರಾವೆ ನೋಡುವ ಮೊದಲು ಪ್ರಶ್ನೆಗಳನ್ನು ಬರೆಯೋಣ ಎಂದರು. ರೋಗದ ಹೊರೆ ಎಷ್ಟು? ಲಸಿಕೆ ಎಷ್ಟು ತಡೆಯುತ್ತದೆ? ಅಪಾಯ ಏನು? ಯಾರಿಗೆ ತಲುಪುತ್ತದೆ, ಯಾರು ಹೊರಗುಳಿಯುತ್ತಾರೆ? ಹತ್ತನೇ ವರ್ಷ ದುಡ್ಡು ಎಲ್ಲಿಂದ? ಜೊತೆಗೆ ಇನ್ನೊಂದು: ಯಾವ ಉತ್ತರ ಬಂದರೆ ನಾವು 'ಬೇಡ' ಅನ್ನುತ್ತೇವೆ? ಈ ಕೊನೆಯದನ್ನು ಮುಂಚೆಯೇ ಬರೆದಿಟ್ಟದ್ದು ಬಹಳ ಉಪಯೋಗಕ್ಕೆ ಬಂತು. ಅದೇ ದಿನ ಪ್ರತಿಯೊಬ್ಬರೂ ಲಸಿಕೆ ಕಂಪನಿಗಳ ಜೊತೆ ತಮಗಿರುವ ಸಂಬಂಧ ಬರೆದು ಕೊಟ್ಟರು. ಒಬ್ಬ ಸದಸ್ಯರು ಕಂಪನಿಯ ಖರ್ಚಿನಲ್ಲಿ ಒಂದು ಸಮ್ಮೇಳನಕ್ಕೆ ಹೋಗಿಬಂದಿದ್ದರು. ತಾವೇ ಹೇಳಿಕೊಂಡು ಮತದಾನದಿಂದ ಹೊರಗುಳಿದರು.

ಅರ್ಧ ಮಾತ್ರ ತಡೆಯುವ ಲಸಿಕೆ

ರೋಟಾ ಫೈಲ್ ಸಿಕ್ಕಿಬಿದ್ದದ್ದು ಇಲ್ಲಿ. ಶ್ರೀಮಂತ ದೇಶಗಳಲ್ಲಿ ಈ ಲಸಿಕೆ ತೀವ್ರ ರೋಟಾ ಭೇದಿಯನ್ನು ಶೇ 85ಕ್ಕಿಂತ ಹೆಚ್ಚು ತಡೆದಿತ್ತು. ಬಡ ದೇಶಗಳಲ್ಲಿ ಶೇ 50ರ ಆಸುಪಾಸು. ಅಪೌಷ್ಟಿಕತೆ, ಕರುಳಿನ ಬೇರೆ ಸೋಂಕುಗಳು, ತಾಯಿಯಿಂದ ಮಗುವಿಗೆ ಬಂದಿರುವ ಪ್ರತಿಕಾಯಗಳು, ಹೀಗೆ ಇದಕ್ಕೆ ಹಲವು ಕಾರಣ ಹೇಳುತ್ತಾರೆ. ಹಿರಿಯ ಮಕ್ಕಳ ವೈದ್ಯರೊಬ್ಬರಿಗೆ ಇದು ಒಪ್ಪಿಗೆಯಾಗಲಿಲ್ಲ. "ಅರ್ಧಕ್ಕರ್ಧ ಸೋಲುವ ಲಸಿಕೆಗೆ ಇಷ್ಟು ದುಡ್ಡಾ? ಅದೇ ದುಡ್ಡಲ್ಲಿ ಓಆರ್‌ಎಸ್ ಕೊಡೋಣ, ಶುದ್ಧ ನೀರು ಕೊಡೋಣ" ಎಂದರು. ಕೋಣೆಯಲ್ಲಿ ಬಹಳ ತಲೆಗಳು ಅಲ್ಲಾಡಿದವು. ಆ ಹೊತ್ತಿಗೆ ಮತ ಹಾಕಿಸಿದ್ದರೆ ರೋಟಾ ಬಿದ್ದುಹೋಗುತ್ತಿತ್ತು.

ಸಾಂಕ್ರಾಮಿಕ ರೋಗ ತಜ್ಞರಲ್ಲಿ ಕಿರಿಯರೊಬ್ಬರು ಎದ್ದು ಹೋಗಿ ಬೋರ್ಡಿನ ಮೇಲೆ ನಾಲ್ಕು ಸಂಖ್ಯೆ ಬರೆದರು. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಸಂಖ್ಯೆಗಳು. ದಕ್ಷಿಣ ಆಫ್ರಿಕಾದಲ್ಲಿ ಲಸಿಕೆ ಶೇ 77 ತಡೆಯಿತು, ಮಲಾವಿಯಲ್ಲಿ ಶೇ 49. ಇಷ್ಟೇ ನೋಡಿದರೆ ಮಲಾವಿಗೆ ಈ ಲಸಿಕೆ ದಂಡ ಅನ್ನಿಸುತ್ತದೆ. ಆಮೇಲೆ ಉಳಿದೆರಡು ಬರೆದರು. ಲಸಿಕೆ ಹಾಕಿದ ಪ್ರತಿ 100 ಶಿಶುಗಳಿಗೆ ಒಂದು ವರ್ಷದಲ್ಲಿ ತಪ್ಪಿದ ತೀವ್ರ ಭೇದಿ ದಕ್ಷಿಣ ಆಫ್ರಿಕಾದಲ್ಲಿ 4.2, ಮಲಾವಿಯಲ್ಲಿ 6.7. ಮಲಾವಿಯಲ್ಲಿ ರೋಗವೇ ಅಷ್ಟು ಜಾಸ್ತಿ ಇತ್ತು. ಹಾಗಾಗಿ ಅರ್ಧ ತಡೆದರೂ ಹೆಚ್ಚು ಮಕ್ಕಳು ಉಳಿದರು.

ಆ ನಾಲ್ಕು ಸಂಖ್ಯೆ ಇಡೀ ಚರ್ಚೆಯ ದಿಕ್ಕು ತಿರುಗಿಸಿದವು. 'ಈ ಲಸಿಕೆ ಒಳ್ಳೆಯದಾ?' ಎಂದು ಕೇಳುತ್ತಿದ್ದ ಸಮಿತಿ, 'ನಮ್ಮಲ್ಲಿ ಎಷ್ಟು ಮಕ್ಕಳು ಉಳಿಯುತ್ತಾರೆ?' ಎಂದು ಕೇಳತೊಡಗಿತು.

ಓಆರ್‌ಎಸ್ ಮಾತಿಗೆ ಉತ್ತರ ಕೊಟ್ಟದ್ದು ನರ್ಸ್. ಅದು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾಂತಿ ನಿಲ್ಲದ ಮಗು ಕುಡಿದದ್ದನ್ನೆಲ್ಲ ಕಕ್ಕುತ್ತದೆ. ರಾತ್ರಿ ಶುರುವಾಗಿ ಬೆಳಗಾಗುವುದರೊಳಗೆ ಸೊರಗಿಹೋಗುತ್ತದೆ. ಆಸ್ಪತ್ರೆ ಒಂದು ದಿನದ ದಾರಿ ಇದ್ದರೆ ಏನು ಮಾಡುವುದು? ಅಂಥ ಮಕ್ಕಳನ್ನು ತಾವೇ ಹೊತ್ತು ನಡೆದದ್ದನ್ನು ಅವರು ಹೇಳಿದರು. ಓಆರ್‌ಎಸ್, ನೀರು, ಲಸಿಕೆ ಮೂರೂ ಒಂದೇ ಶಿಫಾರಸಿನಲ್ಲಿ ಇರಬೇಕು ಎಂದು ಸಮಿತಿ ಬರೆಯಿತು.

ಫ್ರಿಜ್ಜಿನೊಳಗೆ ಜಾಗ ಇದೆಯಾ?

ಇಷ್ಟಾದ ಮೇಲೆ ಶಿಫಾರಸು ಬರೆದು ಕಳಿಸಬಹುದಿತ್ತು. ಬಹಳ ಕಡೆ ಅಲ್ಲಿಗೇ ನಿಲ್ಲಿಸುತ್ತಾರೆ. ಇಲ್ಲಿ ಮಾತ್ರ ನರ್ಸ್ ಹಟ ಹಿಡಿದು ಕೇಂದ್ರ ಲಸಿಕಾ ಉಗ್ರಾಣದ ಮುಖ್ಯಸ್ಥರನ್ನು ಸಭೆಗೆ ಕರೆಸಿದರು. ಅವರು ಕೇಳಿದ್ದು ಒಂದೇ ಮಾತು: "ಯಾವ ಲಸಿಕೆ ಅಂತ ಹೇಳಿದಿರಿ. ಯಾವ ಕಂಪನಿಯದು, ಯಾವ ಪ್ಯಾಕಿಂಗ್ ಅಂತ ಹೇಳಲಿಲ್ಲವಲ್ಲ?"

ಆ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ರೋಟಾ ಲಸಿಕೆಗಳು ನಾಲ್ಕಿದ್ದವು. ರೋಟಾರಿಕ್ಸ್, ರೋಟಾಟೆಕ್ ಹಳೆಯವು. ಭಾರತದಲ್ಲಿ ತಯಾರಾಗುವ ರೋಟಾವ್ಯಾಕ್, ರೋಟಾಸಿಲ್ ಎರಡಕ್ಕೂ 2018ರಲ್ಲಿ ಒಪ್ಪಿಗೆ ಸಿಕ್ಕಿತ್ತು. ನಾಲ್ಕೂ ಬಾಯಿಗೆ ಹಾಕುವಂಥವೇ. ಆದರೆ ರೋಟಾರಿಕ್ಸ್ ಎರಡು ಡೋಸ್, ಉಳಿದವು ಮೂರು. ಒಂದು ಪುಡಿ ರೂಪದಲ್ಲಿ ಬರುತ್ತದೆ, ಕೊಡುವಾಗ ದ್ರವ ಬೆರೆಸಬೇಕು. ಒಂದನ್ನು ಆಗ ಉಗ್ರಾಣದಲ್ಲಿ ಹೆಪ್ಪುಗಟ್ಟಿಸಿ ಇಡಬೇಕಿತ್ತು. ಕೆಲವು ಒಂದು ಮಗುವಿಗೆ ಒಂದರಂತೆ ಟ್ಯೂಬಿನಲ್ಲಿ ಬರುತ್ತವೆ, ಕೆಲವು ಹಲವು ಡೋಸಿನ ವಯಲ್‌ನಲ್ಲಿ, ಅಂದರೆ ಪುಟ್ಟ ಗಾಜಿನ ಶೀಶೆಯಲ್ಲಿ.

ಇದು ಸಣ್ಣ ವಿಷಯ ಅಲ್ಲ. ಐದು ಡೋಸಿನ ವಯಲ್ ಕಡಿಮೆ ಜಾಗ ತಗೊಳ್ಳುತ್ತದೆ, ಡೋಸಿನ ಬೆಲೆಯೂ ಕಡಿಮೆ. ಆದರೆ ಬೆಟ್ಟದ ಮೇಲಿನ ಹಳ್ಳಿಯಲ್ಲಿ ಲಸಿಕೆ ದಿನ ಬರುವ ಎಳೆಗೂಸುಗಳೇ ಇಬ್ಬರು. ತೆರೆದ ವಯಲ್ ಅನ್ನು ಆಗ ಅವತ್ತೇ ಎಸೆಯಬೇಕಿತ್ತು. ಅಂದರೆ ಮೂರು ಡೋಸ್ ವ್ಯರ್ಥ. ಆಗ ಒಂದು ಮಗುವಿಗೆ ಬೀಳುವ ಬೆಲೆ ಕಾಗದದ ಮೇಲಿನದಕ್ಕಿಂತ ಎರಡೂವರೆ ಪಟ್ಟು. ವೇಸ್ಟೇಜ್ ಕಂಡು ಮೇಲಿನವರು ಬೈಯುತ್ತಾರೆಂದು ನರ್ಸ್‌ಗಳು ವಯಲ್ ತೆರೆಯಲೇ ಹಿಂಜರಿಯುತ್ತಾರೆ. 'ಮುಂದಿನ ಸಲ ಬಾ' ಎಂದು ತಾಯಿಯನ್ನು ವಾಪಸ್ ಕಳಿಸುತ್ತಾರೆ. ಆಕೆ ಮತ್ತೆ ಬರುತ್ತಾಳೆ ಎಂಬ ಭರವಸೆ ಇಲ್ಲ.

ಒಂಟಿ ಟ್ಯೂಬ್ ತಂದರೆ ವ್ಯರ್ಥ ಆಗುವುದಿಲ್ಲ. ಆದರೆ ಜಾಗ ಬಹಳ ತಿನ್ನುತ್ತದೆ. ಕೆಲವು ವರ್ಷದ ಹಿಂದೆ ಬಂದ, ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯಿಂದ ಫ್ರಿಜ್‌ಗಳು ಆಗಲೇ ತುಂಬಿದ್ದವು. ಉಗ್ರಾಣದ ಮುಖ್ಯಸ್ಥರು ಜಿಲ್ಲೆ ಜಿಲ್ಲೆಯ ಲೆಕ್ಕ ತಂದಿದ್ದರು. ರೋಗ ಎಲ್ಲಿ ಜಾಸ್ತಿಯೋ ಅಲ್ಲೇ ಜಾಗ ಕಡಿಮೆ.

ಸಮಿತಿಗೆ ಕಷ್ಟದ ದಿನ ಅದು. ನಗರಗಳಲ್ಲಿ ಫ್ರಿಜ್ ಇದ್ದವು, ಅಲ್ಲಿ ತಕ್ಷಣ ಶುರು ಮಾಡಬಹುದಿತ್ತು. ಸಚಿವಾಲಯಕ್ಕೂ ಅದೇ ಇಷ್ಟ. ಆದರೆ ನಗರದಲ್ಲಿ ಶುರುವಾದದ್ದು ಹಳ್ಳಿಗೆ ಹೋಗಲು ಎಷ್ಟು ವರ್ಷ ಹಿಡಿಯುತ್ತದೆ ಎನ್ನುವುದು ನರ್ಸ್‌ಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಒಂದು ಮಗುವಿಗೆ ಎರಡೇ ಡೋಸ್ ಸಾಕಾಗುವ, ಒಂಟಿ ಟ್ಯೂಬಿನಲ್ಲಿ ಬರುವ ಲಸಿಕೆಯನ್ನೇ ಆರಿಸಿದರು. ಎಲ್ಲಕ್ಕಿಂತ ದೂರದ ಜಿಲ್ಲೆಗಳಿಗೆ ಮೊದಲು ಹೊಸ ಫ್ರಿಜ್ ಹೋಗಬೇಕು, ಲಸಿಕೆಯೂ ಅಲ್ಲಿಂದಲೇ ಶುರುವಾಗಬೇಕು ಎಂದು ಬರೆದರು. ಇದರಿಂದ ಸುಮಾರು ಒಂದು ವರ್ಷ ತಡವಾಯಿತು. ಆ ವರ್ಷ ನಗರದಲ್ಲಿ ಉಳಿಸಬಹುದಾಗಿದ್ದ ಮಕ್ಕಳೂ ಇದ್ದರು. ಆ ಮಾತನ್ನು ನಡಾವಳಿಯಲ್ಲಿ ಸೇರಿಸಲು ಅಧ್ಯಕ್ಷರೇ ಹೇಳಿದರು. ಬರೆಯುವಾಗ ನನ್ನ ಕೈ ನಡುಗಿತ್ತು. ಈಗಲೂ ನನಗೆ ಆ ತೀರ್ಮಾನ ಸರಿ ಅನ್ನಿಸುತ್ತದೆ, ಸುಲಭ ಅನ್ನಿಸುವುದಿಲ್ಲ.

ದುಡ್ಡಿನ ಮಾತು ಬೇಗ ಮುಗಿಯಿತು, ಯಾಕೆಂದರೆ ಹಣಕಾಸು ಇಲಾಖೆಯ ಅಧಿಕಾರಿಯನ್ನು ಮೂರನೇ ಸಭೆಯಿಂದಲೇ ಕೂರಿಸಿಕೊಂಡಿದ್ದೆವು. 'ಖರ್ಚಿಗೆ ತಕ್ಕ ಫಲ ಇದೆ' ಅನ್ನುವುದು ಬೇರೆ, 'ಕೈಯಲ್ಲಿ ದುಡ್ಡಿದೆ' ಅನ್ನುವುದು ಬೇರೆ ಎಂದು ಅವರು ಪದೇ ಪದೇ ನೆನಪಿಸುತ್ತಿದ್ದರು. ಗಾವಿಯ ನೆರವು ಪೂರ್ತಿ ನಿಂತ ಮೇಲಿನ ವರ್ಷಗಳ ಖರ್ಚನ್ನು ಅವರೇ ಬಜೆಟ್ ಅಂದಾಜಿನಲ್ಲಿ ಸೇರಿಸಿದರು. ಅವರ ಒತ್ತಾಯದಿಂದಲೇ ಎರಡನೇ ಆಯ್ಕೆಯಾಗಿ ಇನ್ನೊಂದು ಲಸಿಕೆಯ ಹೆಸರೂ ಶಿಫಾರಸಿನಲ್ಲಿ ಸೇರಿತು. 2018ರಲ್ಲಿ ಒಂದು ದೊಡ್ಡ ಕಂಪನಿ ಪಶ್ಚಿಮ ಆಫ್ರಿಕಾದ ನಾಲ್ಕು ದೇಶಗಳಿಗೆ ರೋಟಾ ಲಸಿಕೆಯ ಪೂರೈಕೆಯಿಂದ ಹಿಂದೆ ಸರಿದದ್ದು ಎಲ್ಲರ ನೆನಪಿನಲ್ಲಿತ್ತು.

ಅಪಾಯದ ಲೆಕ್ಕ

ರೋಟಾ ಲಸಿಕೆಗೆ ಒಂದು ಹಳೆಯ ನೋವಿನ ಕತೆ ಇದೆ. 1998ರಲ್ಲಿ ಅಮೆರಿಕದಲ್ಲಿ ರೋಟಾಶೀಲ್ಡ್ ಎಂಬ ಲಸಿಕೆ ಬಂತು. ಹಾಕಿಸಿಕೊಂಡ ಕೆಲವು ಶಿಶುಗಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡಿತು. ವೈದ್ಯರು ಇದನ್ನು ಇಂಟಸಸೆಪ್ಷನ್ ಎನ್ನುತ್ತಾರೆ. ಸುಮಾರು 10,000 ಶಿಶುಗಳಿಗೆ ಒಂದರಷ್ಟು. 1999ರಲ್ಲೇ ಲಸಿಕೆ ವಾಪಸ್ ಹೋಯಿತು. ಅಲ್ಲಿ ಭೇದಿಯಿಂದ ಸಾಯುವ ಮಕ್ಕಳು ಬಹಳ ಕಡಿಮೆ, ಹಾಗಾಗಿ ಆ ನಿರ್ಧಾರ ಅವರಿಗೆ ಸರಿ. ಆದರೆ ಲಕ್ಷಗಟ್ಟಲೆ ಮಕ್ಕಳು ಸಾಯುತ್ತಿದ್ದ ದೇಶಗಳಿಗೂ ಲಸಿಕೆ ಇಲ್ಲದ ಹಾಗಾಯಿತು. ಮುಂದಿನ ಎರಡು ಲಸಿಕೆಗಳನ್ನು ತಲಾ 60,000ಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಳಕೆಗೆ ಬಂದ ಮೇಲೆ ಕೆಲವು ದೇಶಗಳಲ್ಲಿ ಲಕ್ಷಕ್ಕೆ 1ರಿಂದ 6ರಷ್ಟು ಸಣ್ಣ ಅಪಾಯ ಕಂಡಿತು. ಆಫ್ರಿಕಾದ ಏಳು ದೇಶಗಳ ಅಧ್ಯಯನದಲ್ಲಿ ಅಷ್ಟೂ ಕಾಣಲಿಲ್ಲ.

ಸಮಿತಿ ಇಲ್ಲಿ ಎರಡು ಕೆಲಸ ಮಾಡಿತು. ಒಂದು, ಲಸಿಕೆ ಶುರುವಾಗುವ ಮುಂಚೆಯೇ ದೊಡ್ಡ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆ ರಿಜಿಸ್ಟರ್ ತೆಗೆಸಿ, ಹಿಂದಿನ ವರ್ಷಗಳಲ್ಲಿ ಈ ತೊಂದರೆ ಎಷ್ಟು ಮಕ್ಕಳಿಗೆ ಆಗಿತ್ತು ಎಂದು ಎಣಿಸಿತು. ಲಸಿಕೆ ಇಲ್ಲದಿದ್ದಾಗಲೂ ಇದು ಆಗುತ್ತಲೇ ಇರುತ್ತದೆ ಅಲ್ವಾ? ಆ ಸಂಖ್ಯೆ ಗೊತ್ತಿಲ್ಲದಿದ್ದರೆ ಆಮೇಲೆ ಪ್ರತಿ ಮಗುವಿನ ತೊಂದರೆಯೂ ಲಸಿಕೆಯ ತಲೆಗೇ ಕಟ್ಟುತ್ತದೆ.

ಎರಡನೆಯದು ವಯಸ್ಸಿನ ಮಿತಿ. ಇದೇ ಭಯಕ್ಕೆ, ಮೊದಲ ಡೋಸ್ 15 ವಾರದೊಳಗೇ ಆಗಬೇಕು ಎಂಬ ಸಲಹೆ ಹಿಂದೆ ಇತ್ತು. ತಡವಾಗಿ ಬರುವ ಮಕ್ಕಳು ಯಾರು? ದೂರದವರು, ಬಡವರು, ಭೇದಿ ಬಂದರೆ ಬದುಕುವ ಸಾಧ್ಯತೆ ಕಡಿಮೆ ಇರುವವರು. ಮಿತಿ ತೆಗೆದರೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹೆಚ್ಚುವರಿಯಾಗಿ ಸುಮಾರು 47,000 ರೋಟಾ ಸಾವು ತಪ್ಪುತ್ತವೆ, ಕರುಳಿನ ತೊಂದರೆಯಿಂದ ಸುಮಾರು 300 ಸಾವು ಹೆಚ್ಚಬಹುದು ಎಂದು 2012ರಲ್ಲಿ ಒಂದು ಅಂದಾಜು ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ ಮರುವರ್ಷ ಮಿತಿ ಸಡಿಲಿಸಿತು. ಸಮಿತಿ ಸಡಿಲ ನಿಯಮವನ್ನೇ ಒಪ್ಪಿತು. ಆ 300 ಮಕ್ಕಳ ಬಗ್ಗೆ ಒಂದು ಇಡೀ ಮಧ್ಯಾಹ್ನ ಮಾತಾಡಿದ ಮೇಲೆ.

ಆಮೇಲೆ ನಡೆದದ್ದು

ಲಸಿಕೆ ದೂರದ ಜಿಲ್ಲೆಗಳಿಂದ ಶುರುವಾಯಿತು. ಆರಂಭ ನಿಧಾನ. ಕೆಲವು ತಿಂಗಳಾದ ಮೇಲೆ ಒಂದೇ ಆಸ್ಪತ್ರೆಗೆ ಕಡಿಮೆ ಅವಧಿಯಲ್ಲಿ ಕರುಳಿನ ತೊಂದರೆಯ ನಾಲ್ಕೈದು ಶಿಶುಗಳು ಬಂದವು. ಸುದ್ದಿ ಹಬ್ಬಿತು. ಕೆಲವು ಕಡೆ ತಾಯಂದಿರು ಮಕ್ಕಳನ್ನು ಕರೆತರುವುದನ್ನೇ ನಿಲ್ಲಿಸಿದರು. ಲಸಿಕೆ ನಿಲ್ಲಿಸಿಬಿಡೋಣ ಎಂಬ ಮಾತು ಸಚಿವಾಲಯದಲ್ಲಿ ಗಟ್ಟಿಯಾಗಿಯೇ ಕೇಳಿಬಂತು.

ಸಮಿತಿ ಎರಡು ದಿನದಲ್ಲಿ ಸೇರಿತು. ಹಳೆಯ ರಿಜಿಸ್ಟರಿನ ಎಣಿಕೆ ತೆಗೆದು ನೋಡಿದರೆ, ಆ ಆಸ್ಪತ್ರೆಗೆ ಹಿಂದಿನ ವರ್ಷಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಮಕ್ಕಳು ಬಂದಿದ್ದರು. ಬಂದ ಶಿಶುಗಳಲ್ಲಿ ಇಬ್ಬರಿಗೆ ಲಸಿಕೆಯೇ ಆಗಿರಲಿಲ್ಲ. ಇದನ್ನು ಹಾಗೆಯೇ ಜನರ ಮುಂದೆ ಇಟ್ಟರು. ಸಣ್ಣ ಅಪಾಯ ಇರಬಹುದು ಎಂಬುದನ್ನೂ ಬಚ್ಚಿಡಲಿಲ್ಲ. ಮಗು ಬಿಟ್ಟು ಬಿಟ್ಟು ಜೋರಾಗಿ ಅತ್ತರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಕರೆತನ್ನಿ ಎಂದು ಪ್ರತಿ ತಾಯಿಗೂ ಹೇಳುವ ಪದ್ಧತಿ ಶುರುವಾಯಿತು. ಲಸಿಕೆ ನಿಲ್ಲಲಿಲ್ಲ. ಎರಡು ವರ್ಷ ಕಳೆಯುವ ಹೊತ್ತಿಗೆ ನಿಗಾ ಇಟ್ಟಿದ್ದ ಆಸ್ಪತ್ರೆಗಳಲ್ಲಿ ರೋಟಾ ಭೇದಿಯ ಮಕ್ಕಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದರು. ಅರ್ಧಕ್ಕರ್ಧ ಸೋಲುವ ಲಸಿಕೆ ಎಂದಿದ್ದ ಹಿರಿಯ ವೈದ್ಯರು ತಮ್ಮ ವಾರ್ಡಿನ ಎಣಿಕೆಯನ್ನು ತಾವೇ ತಂದು ಸಭೆಗೆ ತೋರಿಸಿದರು.

ಎಚ್‌ಪಿವಿ ಫೈಲ್ ಏನಾಯಿತು? ಅದನ್ನು ತಿರಸ್ಕರಿಸಿರಲಿಲ್ಲ, ಮುಂದೂಡಿದ್ದರು. ಆಗ ಜಗತ್ತಿನಲ್ಲೇ ಆ ಲಸಿಕೆಯ ಕೊರತೆ ಇತ್ತು. ಮುಂದೂಡಿಕೆಯ ಠರಾವು ಬರೆಸುವಾಗ ಸ್ತ್ರೀರೋಗ ತಜ್ಞೆ ಸುಮ್ನೆ ಸಹಿ ಹಾಕಲಿಲ್ಲ. ಏನು ಬದಲಾದರೆ ಈ ಫೈಲ್ ತಾನಾಗಿ ಮತ್ತೆ ತೆರೆಯಬೇಕು ಎಂದು ಬರೆಯಲೇಬೇಕು ಎಂದು ಪಟ್ಟು ಹಿಡಿದರು. ಮೂರು ಷರತ್ತು ಸೇರಿದವು: ಪೂರೈಕೆ ಸುಧಾರಿಸಬೇಕು, ಡೋಸ್ ಅಥವಾ ಬೆಲೆ ಇಳಿಯಬೇಕು, ಶಾಲೆ ಬಿಟ್ಟ ಹುಡುಗಿಯರನ್ನು ತಲುಪುವ ಯೋಜನೆ ಸಿದ್ಧವಾಗಬೇಕು. ನಾಲ್ಕನೆಯದಾಗಿ ಇನ್ನೊಂದು ಸಾಲನ್ನೂ ಸೇರಿಸಿದರು: ಲಸಿಕೆ ಬಂದಾಗ, ಕಾಯುತ್ತಾ ವಯಸ್ಸು ದಾಟಿದ ಹುಡುಗಿಯರಿಗೂ ಮೊದಲ ವರ್ಷ ಕೊಡಬೇಕು.

2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಲಸಿಕೆಯನ್ನು ಎರಡು ಡೋಸ್ ಬದಲು ಒಂದೇ ಡೋಸ್ ಕೊಟ್ಟರೂ ಆಗುತ್ತದೆ ಎಂದಿತು. ಲಸಿಕೆಯ ಖರ್ಚು ಒಮ್ಮೆಗೇ ಅರ್ಧಕ್ಕೆ ಬಂತು. ಫೈಲ್ ತೆರೆಯಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಠರಾವಿನಲ್ಲೇ ಬರೆದಿತ್ತು. ಶಾಲೆ ಬಿಟ್ಟ ಹುಡುಗಿಯರ ಯೋಜನೆಯನ್ನು ನರ್ಸ್ ಅಷ್ಟರಲ್ಲಿ ಅರ್ಧ ಮುಗಿಸಿದ್ದರು. ಹಣಕಾಸಿನ ಅಧಿಕಾರಿ ನಾಲ್ಕನೇ ಸಾಲಿನ ಹತ್ತಿರ ಬೆರಳಿಟ್ಟು, ಇದಕ್ಕೆ ಬೇರೆ ಖರ್ಚು ಬೀಳುತ್ತದಲ್ಲ ಎಂದರು. ತಜ್ಞೆ ಹಳೆಯ ನಡಾವಳಿಯನ್ನು ಅವರ ಕಡೆ ತಿರುಗಿಸಿದರು. ಅದರ ಕೆಳಗೆ ಅವರದೇ ಸಹಿ ಇತ್ತು. ಅವರು ಓದಿ, ತಲೆಯಾಡಿಸಿ, ಆ ಹುಡುಗಿಯರ ಸಂಖ್ಯೆ ಎಷ್ಟೆಂದು ಕೇಳಿ ಬರೆದುಕೊಂಡರು.